ನಾಲ್ಕು ಮೂಲೆಯ ದಂಟು

ಇಬ್ಬನಿ ಇನ್ನೂ ಆರಿರಲಿಲ್ಲ. ಕಾಲುದಾರಿಯ ಎರಡೂ ಬದಿಯಲ್ಲಿ ಹುಲ್ಲು ಎದೆಮಟ್ಟ ಬೆಳೆದು ನಿಂತಿತ್ತು. ಗಾಳಿ ಬೀಸಿದಾಗೆಲ್ಲ ಅದು ಒಂದೇ ಕಡೆಗೆ ಬಾಗುತ್ತಿತ್ತು, ನಮ್ಮೂರ ಗದ್ದೆಯಲ್ಲಿ ಭತ್ತ ತೆನೆ ಬಿಡುವ ಕಾಲಕ್ಕೆ ಏಳುವಂಥದೇ ಒಂದು ಅಲೆ ಎದ್ದು, ದೂರದ ಓಕ್ ಮರಗಳ ಸಾಲಿನವರೆಗೂ ಹೋಗಿ ಅಲ್ಲಿ ಕರಗುತ್ತಿತ್ತು. ಹುಲ್ಲಿನ ಮೇಲೆ ತಲೆಯೆತ್ತಿ ನಿಂತ ಹಳದಿ ಹೂಗಳು ನೋಡುವುದಕ್ಕೆ ಸೂರ್ಯಕಾಂತಿಯ ತಂಗಿಯರಂತಿದ್ದವು. ಅವುಗಳ ಕೆಳಗೆ ಮುಳ್ಳುಮುಳ್ಳಾದ ಬಿಳಿ ಗುಂಡುಗಳು. ಇವೆಲ್ಲದರ ನಡುವೆ, ಯಾರೋ ಬದನೆ ಹೂವಿನ ಬಣ್ಣಕ್ಕೆ ಹಾಲು ಬೆರೆಸಿ ಚಿಮುಕಿಸಿಕೊಂಡು ಹೋದಂತೆ, ಒಂದು ತಿಳಿ ನೇರಳೆಯ ಮಂಜು. ಕೆಂಪು ಭುಜಪಟ್ಟಿಯ ಕಪ್ಪು ಹಕ್ಕಿಯೊಂದು ಒಣ ದಂಟಿನ ತುದಿಯಲ್ಲಿ ತೂಗುತ್ತ ಕುಳಿತು, ತುಕ್ಕು ಹಿಡಿದ ಬಾಗಿಲು ತೆರೆದ ಹಾಗೆ ಕಿರ್ರೆಂದು ಕೂಗುತ್ತಿತ್ತು. ಅದು ಸುಮ್ಮನಾದಾಗ ಕೇಳಿಸುತ್ತಿದ್ದದ್ದು ದೂರದ ಹೆದ್ದಾರಿಯ ಮೊರೆತ. ಅದಕ್ಕಿಂತ ಹತ್ತಿರದಲ್ಲಿ, ಆ ನೇರಳೆ ಮಂಜಿನ ಒಳಗಿಂದ, ತಂಬೂರಿಯ ಮಂದ್ರದಂಥ ಒಂದು ಗುಂಯ್‌ಗುಡುವಿಕೆ.

ಮೊಮ್ಮಗಳು ಆ ಮಂಜಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದಳು. ತೊಡೆಯ ಮೇಲೆ ಚಿತ್ರದ ಪುಸ್ತಕ, ಕಿವಿಯ ಹಿಂದೆ ಪೆನ್ಸಿಲ್ಲು. ಬೇಸಿಗೆ ಶಿಬಿರದವರು ಕೊಟ್ಟ ಕೆಲಸ ಅದು: ಈ ನೆಲದ್ದೇ ಆದ ಐದು ಹೂಗಳನ್ನು ನೋಡಿ ಬರೆಯಬೇಕು, ಒಂದೊಂದರ ಪಕ್ಕದಲ್ಲೂ ಕುಟುಂಬದ ಹೆಸರು ಹಾಕಬೇಕು. ನಾಲ್ಕು ಆಗಿತ್ತು. ಉಳಿದದ್ದು ಪುದೀನ ಕುಟುಂಬದ್ದು. ಬೆಳಗಿನಿಂದ ಅವಳಮ್ಮನ ಮೊಬೈಲನ್ನು ಹೂವಿನ ಮುಂದೆ ಹಿಡಿದೂ ಹಿಡಿದೂ ಅವಳಿಗೆ ಸಾಕಾಗಿತ್ತು. ಬಿಸಿಲಲ್ಲಿ ತೆಗೆದ ಚಿತ್ರಕ್ಕೆ ಅದು ಒಂದು ಹೆಸರು ಹೇಳಿದರೆ, ನೆರಳು ಬಿದ್ದ ಚಿತ್ರಕ್ಕೆ ಇನ್ನೊಂದು ಹೇಳುತ್ತಿತ್ತು.

"ಅಜ್ಜಿ, ಇದು ಮಿಂಟ್ ಹೌದಾ ಅಲ್ವಾ? ನೀನೇ ಹೇಳು."

ಆ ಹೂವನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಆದರೆ ಆ ಮನೆತನದವರ ಜೊತೆಗೇ ಬೆಳೆದವಳು ನಾನು. ಸಾಗರದ ಕಡೆಯ ನಮ್ಮ ಮನೆಯಂಗಳದಲ್ಲಿ ಕಟ್ಟೆಯ ಮೇಲೆ ತುಳಸಿ, ಬಚ್ಚಲ ನೀರು ಹರಿಯುವಲ್ಲಿ ದೊಡ್ಡಪತ್ರೆ, ಬೇಲಿಗುಂಟ ಲಕ್ಕಿಗಿಡ, ಮಳೆ ಹಿಂದಾದ ಮೇಲೆ ತೋಟದ ದಾರಿಯುದ್ದಕ್ಕೂ ತುಂಬೆ. ಕಾರ್ತಿಕ ಸೋಮವಾರದ ಪೂಜೆಗೆ ತುಂಬೆ ಹೂ ಬಿಡಿಸಲು ಹೋದ ನಾವು ಮಕ್ಕಳು, ಶಿವನಿಗೆ ಒಂದು ಹೂವಾದರೆ ನಮಗೆ ಎರಡು ಎಂಬ ಲೆಕ್ಕದಲ್ಲಿ ಅದರ ಬುಡವನ್ನು ಚೀಪಿ ಹನಿ ಜೇನು ಕುಡಿಯುತ್ತಿದ್ದೆವು. ಆಗ ಬೆರಳಿಗೆ ಸಿಕ್ಕಿದ್ದ ಒಂದು ಗುರುತು ನೆನಪಿಗೆ ಬಂತು.

"ಹೂವನ್ನು ಬಿಡು, ಮೊದಲು ದಂಟು ಹಿಡಿ" ಎಂದೆ. "ಹೆಬ್ಬೆರಳು, ತೋರುಬೆರಳಿನ ನಡುವೆ ಮೆತ್ತಗೆ ಹಿಡಿದು ಹೊರಳಿಸು. ಕೀಳಬೇಡ."

ಅವಳು ಹೊರಳಿಸಿದಳು. ಹುಲ್ಲಿನ ದಂಟು ಬೆರಳ ನಡುವೆ ಜಾರಿ ತಿರುಗುತ್ತದೆ. ಇದು ತಿರುಗಲಿಲ್ಲ, ಅಂಚಿಗೆ ಅಂಚು ತಡೆದು ತಡೆದು ನಿಂತಿತು. ಅವಳ ಕಣ್ಣು ಅಗಲವಾಯಿತು. "ಚೌಕ ಇದೆ!"

ನಾವು ನಿಂತಿದ್ದದ್ದು ಷಿಕಾಗೋ ನಗರದ ಪಶ್ಚಿಮಕ್ಕೆ, ಲೈಲ್ ಎಂಬ ಊರಿನ ಮಾರ್ಟನ್ ಆರ್ಬೊರೇಟಂ ಎಂಬ ಸಸ್ಯೋದ್ಯಾನದ ಒಂದು ಅಂಚಿನಲ್ಲಿ. ಪಕ್ಕದ ನೇಪರ್‌ವಿಲ್‌ನಲ್ಲಿ ಮಗಳ ಮನೆ. ಅಲ್ಲಿ ಕನ್ನಡದ ಮನೆಗಳು ಬೇಕಾದಷ್ಟಿವೆ; ಸಂಜೆ ವಾಕಿಂಗಿಗೆ ಹೊರಟರೆ ಹುಬ್ಬಳ್ಳಿಯ ಕನ್ನಡವೂ ಮೈಸೂರಿನ ಕನ್ನಡವೂ ಕಿವಿಗೆ ಬೀಳುತ್ತವೆ. ಅಂಥ ಊರಿನಿಂದ ಸ್ವಲ್ಪವೇ ದೂರ ಬಂದರೆ ಹೀಗೊಂದು ಹುಲ್ಲುಗಾವಲು, ಇಲ್ಲಿನವರ ಮಾತಿನಲ್ಲಿ ಪ್ರೇರಿ, ಇದೆಯೆಂದು ನನಗೆ ಗೊತ್ತಿರಲಿಲ್ಲ.

ದಾರಿಯ ತಿರುವಿನಲ್ಲಿ ಹುಲ್ಲು ಟೋಪಿ ಹಾಕಿಕೊಂಡ ಹೆಂಗಸೊಬ್ಬರು ಕಳೆ ಕೀಳುತ್ತಿದ್ದರು. ಸ್ವಯಂಸೇವಕಿ, ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರಂತೆ. ಯುರೋಪಿನಿಂದ ಬಂದು ನೆಲೆಯೂರಿದ ಸ್ವೀಟ್ ಕ್ಲೋವರ್ ಎಂಬ ಬಿಳಿ ಹೂವಿನ ಗಿಡವನ್ನು ಬುಡಸಮೇತ ಎಳೆದು ಕಂಕುಳಲ್ಲಿ ಒಟ್ಟಿಕೊಳ್ಳುತ್ತಿದ್ದರು. ಮಗು ದಂಟು ಹಿಡಿದದ್ದನ್ನು ನೋಡಿ ಹತ್ತಿರ ಬಂದರು. ಹಳದಿ ಛತ್ರಿಯಂಥ ಹೂವಿನ ಒಂದು ಗಿಡವನ್ನು ತೋರಿಸಿ, ಅದನ್ನು ಮಾತ್ರ ಮುಟ್ಟಬೇಡಿ, ಅದರ ರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತದೆ ಎಂದು ಮೊದಲು ಎಚ್ಚರಿಸಿದರು. ಆಮೇಲೆ ನಗುತ್ತ, ಚೌಕ ದಂಟು ಸಿಕ್ಕ ಮಾತ್ರಕ್ಕೆ ಪುದೀನ ಎಂದು ಬರೆದುಕೊಂಡುಬಿಡಬೇಡ ಎಂದು ನಮ್ಮಿಬ್ಬರನ್ನೂ ನಾಲ್ಕು ಹೆಜ್ಜೆ ಆಚೆಗೆ ಕರೆದುಕೊಂಡು ಹೋದರು.

ಅಲ್ಲೊಂದು ಆಳೆತ್ತರದ ಗಿಡ. ದಂಟು ಕಬ್ಬಿನಷ್ಟು ದಪ್ಪ, ಬಡಗಿ ರಂದ ಹೊಡೆದ ಹಾಗೆ ನಾಲ್ಕು ಮೂಲೆ. ಎದುರುಬದುರಾದ ಎರಡೆರಡು ಎಲೆಗಳು ಬುಡದಲ್ಲಿ ಒಂದಕ್ಕೊಂದು ಬೆಸೆದುಕೊಂಡು ಬಟ್ಟಲಾಗಿದ್ದವು. ಆ ಬಟ್ಟಲಲ್ಲಿ ರಾತ್ರಿ ಬಿದ್ದ ಮಳೆಯ ನೀರು, ನೀರಿನಲ್ಲಿ ಒಂದು ಇರುವೆ. ಇದರ ಹೆಸರೇ ಕಪ್ ಪ್ಲಾಂಟ್. ಹೂ ನೋಡಿದರೆ ಹಳದಿ, ಸೂರ್ಯಕಾಂತಿಯ ಕುಟುಂಬ. ಅದರಾಚೆ ತಗ್ಗಿನ ಜೌಗಿನಲ್ಲಿ, ದೀಪಾರತಿಯ ಹಾಗೆ ಹಲವು ಕವಲೊಡೆದು ನಿಂತ ನೀಲಿ ವರ್ವೇನ. ಅದಕ್ಕೂ ಚೌಕ ದಂಟು, ಅದಕ್ಕೂ ಎದುರುಬದುರು ಎಲೆ. ಮೊಮ್ಮಗಳು ಎಲೆ ಉಜ್ಜಿ ಮೂಸಿದಳು, ಬರೀ ಹಸಿ ಸೊಪ್ಪಿನ ವಾಸನೆ. ಹೂವನ್ನು ಹತ್ತಿರದಿಂದ ನೋಡಿದರೆ ಐದು ಎಸಳು ಹೆಚ್ಚುಕಡಿಮೆ ಒಂದೇ ಅಳತೆ. ಇದು ಪುದೀನದ ನೆಂಟ, ಮನೆಯ ಮಗನಲ್ಲ.

ಈ ನೆಂಟಸ್ತಿಕೆಯ ಗೆರೆಯನ್ನು ಸಸ್ಯಶಾಸ್ತ್ರಜ್ಞರು ಅಳಿಸಿ ಬರೆಯುತ್ತಲೇ ಇದ್ದಾರೆ. ಬೇಲಿಯ ಲಕ್ಕಿಗಿಡವೂ ಮಲೆನಾಡಿನ ತೇಗದ ಮರವೂ ವರ್ವೇನದ ಕುಟುಂಬದಲ್ಲಿದ್ದವು. ಈಗ ಎರಡನ್ನೂ ತಂದು ತುಳಸಿ, ಪುದೀನಗಳ ಜೊತೆಗೆ ಕೂರಿಸಿದ್ದಾರೆ. ಸುಮಾರು 7,000 ಜಾತಿಗಳಿರುವ ದೊಡ್ಡ ಸಂಸಾರ ಇದು. ಎಳೆಯ ತೇಗದ ಚಿಗುರನ್ನು ಮುಟ್ಟಿ ನೋಡಿದವರಿಗೆ ಗೊತ್ತು, ಅದೂ ಚೌಕವೇ.

ಮತ್ತೆ ನೇರಳೆ ಮಂಜಿನ ಬಳಿಗೆ ಬಂದೆವು. ಈ ಸಲ ಮೂವರೂ ಬಗ್ಗಿ ನೋಡಿದೆವು.

ಗಿಡ ಮಗುವಿನ ಎದೆಮಟ್ಟಕ್ಕಿತ್ತು. ಬೂದು ಬೆರೆತ ಹಸಿರು ಎಲೆಗಳು, ಅಂಚಿನಲ್ಲಿ ಸಣ್ಣ ಗರಗಸ, ತುದಿ ಚೂಪು. ಒಂದು ಜೋಡಿ ಪೂರ್ವ ಪಶ್ಚಿಮಕ್ಕೆ ಕೈ ಚಾಚಿದ್ದರೆ ಅದರ ಮೇಲಿನ ಜೋಡಿ ಉತ್ತರ ದಕ್ಷಿಣಕ್ಕೆ. ಮೇಲಿಂದ ನೋಡಿದರೆ ಕೂಡಿಸುವ ಗುರುತು. ದಂಟಿನ ತುದಿಯಲ್ಲಿ ನಸುಗೆಂಪು ಬಳಿದ ಎಲೆಗಳ ಒಂದು ಸಿಂಬಿ, ಸಿಂಬಿಯ ಮೇಲೆ ಹೂವಿನ ಚೆಂಡು. ದೂರದಿಂದ ಒಂದೇ ಕೆದರಿದ ಹೂವಿನಂತೆ ಕಂಡಿದ್ದು ಹತ್ತಿರಕ್ಕೆ ಬಂದಾಗ ಹತ್ತಾರು ಹೂಗಳಾಯಿತು. ಒಂದೊಂದೂ ಅಂಗುಲದಷ್ಟು ಉದ್ದದ ಬಾಗಿದ ಕೊಳವೆ. ಕೊಳವೆಯ ಬಾಯಿ ಎರಡು ತುಟಿಯಾಗಿ ಸೀಳಿತ್ತು. ಕೆಳದುಟಿ ಮೂರು ಸೀಳಾಗಿ ಜೋತು ಬಿದ್ದಿದೆ, ಬರುವವರು ಕಾಲಿಡಲೆಂದು ಹಾಕಿದ ಮಣೆಯಂತೆ. ಮೇಲ್ದುಟಿ ಕಿರಿದಾಗಿ ಸೆಟೆದು ನಿಂತಿದೆ. ಅದರ ತುದಿಯಲ್ಲಿ ಬೆಳಕಿಗೆ ಹಿಡಿದರೆ ಮಾತ್ರ ಕಾಣುವ ಬಿಳಿ ರೋಮದ ಒಂದು ಕುಚ್ಚು. ತುಟಿಯಾಚೆಗೆ ಎರಡೇ ಎರಡು ಕೇಸರಗಳು ಇಣುಕುತ್ತಿದ್ದವು. ಹಳೆಯ ಪುಸ್ತಕಗಳಲ್ಲಿ ಈ ಕುಟುಂಬಕ್ಕೆ ಲೇಬಿಯೇಟೀ ಎಂದೇ ಹೆಸರು, ತುಟಿಯುಳ್ಳದ್ದು ಎಂದು ಅರ್ಥ. ನನಗೆ ಮಾತ್ರ ಕಂಡದ್ದು ತುಂಬೆ. ತುಂಬೆಯೂ ಹೀಗೆಯೇ ಗುಂಡಾದ ಬುಟ್ಟಿಯಲ್ಲಿ ಕೂತು, ಬಿಳಿಯ ಕೆಳದುಟಿಯನ್ನು ಚಾಚಿ ಬಾಯಿ ತೆರೆದಿರುತ್ತದೆ.

ಸ್ವಯಂಸೇವಕಿ ಆ ಕುಚ್ಚನ್ನು ಮಗುವಿಗೆ ಬೇರೆಯಾಗಿ ತೋರಿಸಿದರು. ಊರ ತೋಟಗಳಲ್ಲಿ ಬೆಳೆಸುವ ಕೆಂಪು ಬೀ ಬಾಮ್ ಇದರ ಸ್ವಂತ ತಂಗಿ, ಆದರೆ ಅದರ ಮೇಲ್ದುಟಿಗೆ ಈ ಕುಚ್ಚಿಲ್ಲ. ಅದು ಪೂರ್ವದ ಬೆಟ್ಟಗಳ ಕಡೆಯ ತೇವದ ಕಾಡಿನದು, ಬಯಲಿನದಲ್ಲ. ಇದು ವೈಲ್ಡ್ ಬರ್ಗಮಾಟ್. ಶಾಸ್ತ್ರದ ಹೆಸರು ಮೊನಾರ್ಡ ಫಿಸ್ಟುಲೋಸ, 1753ರಲ್ಲಿ ಲಿನೇಯಸ್ ಇಟ್ಟದ್ದು. ಫಿಸ್ಟುಲೋಸ ಎಂದರೆ ಕೊಳವೆಯಂಥದು. ಮೊನಾರ್ಡ ಎಂಬುದು ನಿಕೊಲಾಸ್ ಮೊನಾರ್ಡೆಸ್ ಎಂಬ ಹದಿನಾರನೆಯ ಶತಮಾನದ ವೈದ್ಯನ ನೆನಪು. ಸ್ಪೇನಿನ ಸೆವಿಲ್ ಬಂದರಿನಲ್ಲಿ ಕುಳಿತು, ಅಮೆರಿಕದಿಂದ ಹಡಗಿನಲ್ಲಿ ಬಂದಿಳಿಯುತ್ತಿದ್ದ ಬೇರು ನಾರುಗಳ ಬಗ್ಗೆ ಪುಸ್ತಕ ಬರೆದವನು; ಆ ನೆಲಕ್ಕೆ ಎಂದೂ ಕಾಲಿಟ್ಟವನಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಅವರು ನನ್ನ ಕಡೆ ತಿರುಗಿ, ಎಲೆಯನ್ನು ಕೀಳದೆ ಗಿಡದ ಮೇಲೇ ಉಜ್ಜಿ ಬೆರಳು ಮೂಸಿ ನೋಡಿ ಎಂದರು.

ಮೂಸಿದೆ. ಏಳು ಸಮುದ್ರದಾಚೆ ಬಂದವಳ ಮೂಗಿಗೆ ನಮ್ಮ ಬಚ್ಚಲ ಹಿಂದಿನ ದೊಡ್ಡಪತ್ರೆಯ ವಾಸನೆ ಬಡಿಯಿತು. ಖಾರ, ಘಾಟು, ಅದರ ಹಿಂದೆಯೇ ಒಂದು ತಣ್ಣನೆಯ ಎಳೆ. ಬಾಣಂತಿಯ ಕೋಣೆಯಲ್ಲಿ ಹುರಿಯುತ್ತಿದ್ದ ಓಂಕಾಳಿನ ವಾಸನೆಯೂ ಅದರಲ್ಲಿತ್ತು. ಮೊಮ್ಮಗಳ ಮೂಗಿನ ಹತ್ತಿರ ಬೆರಳು ಹಿಡಿದೆ. "ಅಮ್ಮ ತಂಬುಳಿ ಮಾಡೋ ಎಲೆ!" ಎಂದಳು. ನೇಪರ್‌ವಿಲ್‌ನ ಅಡುಗೆಮನೆಯ ಕಿಟಕಿಯಲ್ಲಿ ಮಗಳು ಒಂದು ಕುಂಡದಲ್ಲಿ ದೊಡ್ಡಪತ್ರೆ ಸಾಕಿದ್ದಾಳೆ. ಹಿಮ ಬೀಳುವ ಮೊದಲು ಒಳಗೆ ತರುವುದು, ಮೇ ತಿಂಗಳು ಬಂದ ಮೇಲೆ ಹೊರಗಿಡುವುದು, ಹೀಗೆ ಕೂಸನ್ನು ನೋಡಿಕೊಂಡ ಹಾಗೆ ನೋಡಿಕೊಂಡು ಬಂದಿದ್ದಾಳೆ. ಮಗುವಿಗೆ ಆ ವಾಸನೆ ನನ್ನಿಂದ ಬಂದದ್ದಲ್ಲ, ಅವಳಮ್ಮನ ತಂಬುಳಿಯಿಂದ ಬಂದದ್ದು.

ಮೂಗು ಹೇಳಿದ್ದು ಸುಳ್ಳಲ್ಲ. ಈ ಬರ್ಗಮಾಟಿನ ಎಣ್ಣೆಯಲ್ಲಿ ಮುಖ್ಯವಾಗಿ ಇರುವುದು ಥೈಮಾಲ್ ಮತ್ತು ಕಾರ್ವಕ್ರಾಲ್. ದೊಡ್ಡಪತ್ರೆಯ ಘಾಟೂ ಇವೆರಡರದ್ದೇ. ಓಂಕಾಳಿನ ಜೀವಾಳವೂ ಥೈಮಾಲ್. ಆದರೆ ಓಂಕಾಳಿನ ಗಿಡ ಕೊತ್ತಂಬರಿಯ ಕುಟುಂಬದ್ದು, ಅದರ ದಂಟು ಚೌಕವೂ ಅಲ್ಲ, ಹೂವಿಗೆ ತುಟಿಯೂ ಇಲ್ಲ. ಬೆರಳನ್ನು ಕಪ್ ಪ್ಲಾಂಟ್ ದಾರಿ ತಪ್ಪಿಸಿದ ಹಾಗೆಯೇ ಬರೀ ಮೂಗನ್ನು ನಂಬಿ ಹೊರಟರೆ ಓಂಕಾಳು ದಾರಿ ತಪ್ಪಿಸುತ್ತದೆ. ಬೆರಳು, ಕಣ್ಣು, ಮೂಗು ಮೂರೂ ಒಂದೇ ಮಾತು ಹೇಳಿದಾಗಲೇ ಗಿಡ ತನ್ನ ಮನೆತನವನ್ನು ಬಿಟ್ಟುಕೊಡುವುದು.

ಈ ವಾಸನೆಯ ಹಿಂದೆ ನಮ್ಮ ದೇಶಕ್ಕೂ ಈ ದೇಶಕ್ಕೂ ಒಂದು ಹಳೆಯ ಕೊಂಡಿ ಇದೆ. ಮೊದಲ ಮಹಾಯುದ್ಧಕ್ಕೆ ಮುಂಚೆ ಲೋಕದ ಥೈಮಾಲಿನ ಬಹುಪಾಲು ತಯಾರಾಗುತ್ತಿದ್ದದ್ದು ಜರ್ಮನಿಯಲ್ಲಿ, ಭಾರತದಿಂದ ಹಡಗಿನಲ್ಲಿ ಹೋಗುತ್ತಿದ್ದ ಓಂಕಾಳಿನಿಂದ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಬರಿಗಾಲ ಬಡವರನ್ನು ಹಿಂಡುತ್ತಿದ್ದ ಕೊಕ್ಕೆಹುಳಕ್ಕೆ ಆಗ ಕೊಡುತ್ತಿದ್ದ ಔಷಧ ಅದೇ ಥೈಮಾಲ್. 1914ರಲ್ಲಿ ಯುದ್ಧ ಹತ್ತಿ ಆ ದಾರಿ ಮುಚ್ಚಿತು. ಆಗ ಅಮೆರಿಕದವರು ಮರಳುನೆಲದಲ್ಲಿ ಬೆಳೆಯುವ ಇನ್ನೊಂದು ಮೊನಾರ್ಡವನ್ನು, ಹಳದಿ ಹೂವಿನ ಮೇಲೆ ನೇರಳೆ ಚುಕ್ಕಿಯಿರುವ ಹಾರ್ಸ್‌ಮಿಂಟನ್ನು, ಬೆಳೆಯಾಗಿ ಬೆಳೆದು ಥೈಮಾಲ್ ತೆಗೆಯಬಹುದೇ ಎಂದು ನೋಡತೊಡಗಿದರು. ನಮ್ಮ ಓಂಕಾಳು ಬಾರದೆ ಹೋದಾಗ ಅವರಿಗೆ ನೆನಪಾದದ್ದು ತಮ್ಮ ಹಿತ್ತಲ ಗಿಡ.

ಅವರಿಗಿಂತ ಎಷ್ಟೋ ಮುಂಚೆ ಈ ನೆಲದ ಮಕ್ಕಳಿಗೆ ಅದು ಗೊತ್ತಿತ್ತು. ಉತ್ತರದ ಸರೋವರಗಳ ಕಡೆಯ ಒಜಿಬ್ವೆ ಜನ ಈ ಬರ್ಗಮಾಟಿನ ಗಿಡವನ್ನು ಇಡಿಯಾಗಿ ಒಣಗಿಸಿಟ್ಟುಕೊಂಡು, ನೆಗಡಿಯಾದಾಗ, ಎದೆ ಕಟ್ಟಿದಾಗ ಪಾತ್ರೆಯಲ್ಲಿ ಕುದಿಸಿ ಅದರ ಹಬೆ ಎಳೆದುಕೊಳ್ಳುತ್ತಿದ್ದರು. ಮೆನಾಮಿನಿ, ಮೆಸ್ಕ್ವಾಕಿ ಜನರೂ ಶೀತಕ್ಕೆ ಇದನ್ನೇ ಬಳಸುತ್ತಿದ್ದರು. ಇದನ್ನು ಕೇಳುವಾಗ ನನ್ನ ಕಣ್ಣಿಗೆ ಕಟ್ಟಿದ್ದು ಕಂಬಳಿ ಹೊದೆಸಿ, ಲಕ್ಕಿಸೊಪ್ಪು ಕುದಿಸಿದ ತಪಲೆಯ ಮುಂದೆ ನನ್ನನ್ನು ಕೂರಿಸುತ್ತಿದ್ದ ನನ್ನ ಅಜ್ಜಿ. "ಬಾಯಿ ತೆಗೆದು ಉಸಿರೆಳೆಯೇ" ಎನ್ನುತ್ತಿದ್ದಳು. ಯಾವುದೋ ಒಜಿಬ್ವೆ ಅಜ್ಜಿಯೂ ತನ್ನ ಮಾತಿನಲ್ಲಿ ಅದನ್ನೇ ಅಂದಿರಬೇಕು.

ಬಿಸಿಲು ಏರುತ್ತಿದ್ದಂತೆ ಗುಂಯ್ ಎಂಬ ಸದ್ದು ಜೋರಾಯಿತು. ಕರಿ ಹಳದಿ ಕಂಬಳಿ ಹೊದ್ದಂಥ ಬಂಬಲ್‌ಬೀಗಳು ಕೆಳದುಟಿಯ ಮೇಲೆ ಧೊಪ್ಪನೆ ಇಳಿಯುತ್ತವೆ. ಭಾರಕ್ಕೆ ಇಡೀ ಚೆಂಡು ಒಮ್ಮೆ ಬಾಗುತ್ತದೆ. ಉದ್ದ ನಾಲಿಗೆಯನ್ನು ಕೊಳವೆಯೊಳಗೆ ಇಳಿಸಿ ಕುಡಿದು ಪಕ್ಕದ ಕೊಳವೆಗೆ ನಡೆಯುತ್ತವೆ. ಕೆಲವು ಹೂವಿನ ಬುಡದಲ್ಲಿ ಸಣ್ಣ ಸೀಳು ಕಂಡಿತು: ನಾಲಿಗೆ ಸಾಲದವರು ಹಿಂಬಾಗಿಲು ಕೊರೆದು ಜೇನು ಕದ್ದ ಗುರುತು. ಅಷ್ಟರಲ್ಲಿ ಗಾಜಿನ ರೆಕ್ಕೆಯ ಪತಂಗವೊಂದು ಬಂದು, ಕಾಲೂರದೆ ಗಾಳಿಯಲ್ಲೇ ನಿಂತು, ಸುರುಳಿ ಬಿಚ್ಚಿ ಕುಡಿದು ಕಾಣೆಯಾಯಿತು. ಮಗು ಅದನ್ನು ಹಕ್ಕಿಯೆಂದೇ ತಿಳಿದಿದ್ದಳು. ಈ ಮೊನಾರ್ಡಗಳ ಪರಾಗವನ್ನೇ ನೆಚ್ಚಿ ಬದುಕುವ ಒಂದು ಪುಟ್ಟ ಕರಿ ಜೇನುನೊಣವೂ ಇದೆ. ಅದರ ಹೆಸರಿನಲ್ಲೇ ಮೊನಾರ್ಡ ಸೇರಿದೆ. ಗಿಡ ಹೋದರೆ ಅದೂ ಹೋಗುತ್ತದೆ.

ಹೋಗುವ ಮಾತು ಇಲ್ಲಿ ಬರಿಯ ಹೆದರಿಕೆಯಲ್ಲ. ಇಲಿನಾಯ್ ರಾಜ್ಯದಲ್ಲಿ ಒಂದು ಕಾಲಕ್ಕೆ 2 ಕೋಟಿ 20 ಲಕ್ಷ ಎಕರೆ ಪ್ರೇರಿ ಇತ್ತು. ಹುಲ್ಲಿನ ಬೇರು ಆಳೆತ್ತರಕ್ಕಿಂತ ಆಳ ಇಳಿದು ಹೆಣೆದುಕೊಂಡಿದ್ದ ಆ ಕರಿ ಎರೆಮಣ್ಣು ಮರದ ನೇಗಿಲಿಗೆ ಬಗ್ಗುತ್ತಿರಲಿಲ್ಲ, ಕಬ್ಬಿಣದ ಗುಳಕ್ಕೆ ಅಂಟಿಕೊಳ್ಳುತ್ತಿತ್ತು. 1837ರಲ್ಲಿ ಇದೇ ರಾಜ್ಯದ ಗ್ರ್ಯಾಂಡ್ ಡಿಟೂರ್ ಎಂಬ ಹಳ್ಳಿಯಲ್ಲಿ ಜಾನ್ ಡೀರ್ ಎಂಬ ಕಮ್ಮಾರ, ನಯ ಮಾಡಿದ ಉಕ್ಕಿನ ನೇಗಿಲು ಮಾಡಿದ. ಮಣ್ಣು ಜಾರತೊಡಗಿತು. ಒಂದೆರಡು ತಲೆಮಾರಿನಲ್ಲಿ ಹುಲ್ಲುಗಾವಲು ಮೆಕ್ಕೆಜೋಳದ ಹೊಲವಾಯಿತು. ಈಗ ಉತ್ತಮ ಸ್ಥಿತಿಯಲ್ಲಿ ಉಳಿದಿರುವ ಮೂಲ ಪ್ರೇರಿ ಸುಮಾರು 2,500 ಎಕರೆ. ಅದೂ ಒಂದೇ ಕಡೆ ಇಲ್ಲ: ರೈಲು ಹಳಿಯ ಪಕ್ಕದ ಪಟ್ಟಿ, ಹಳೆಯ ಗೋರಿಗಳ ನಡುವಣ ಜಾಗ, ನೇಗಿಲು ಹೋಗಲಾರದ ಕಲ್ಲುದಿಬ್ಬ.

ನಾವು ನಿಂತಿದ್ದ ಜಾಗವೂ ಹಳೆಯ ಹೊಲವೇ. 1962ರಲ್ಲಿ ರೇ ಶುಲೆನ್‌ಬರ್ಗ್ ಎಂಬಾತ ಇಲ್ಲಿ ಪ್ರೇರಿಯನ್ನು ಮತ್ತೆ ಬೆಳೆಸುವ ಕೆಲಸ ಶುರುಮಾಡಿದ. ಸುತ್ತಲಿನ ಸುಮಾರು 50 ಮೈಲಿಯೊಳಗಿನ ರೈಲು ದಂಡೆ, ಗೋರಿಸ್ಥಳಗಳಲ್ಲಿ ಅಳಿದುಳಿದ ಗಿಡಗಳಿಂದ ಆತನೂ ಜೊತೆಯವರೂ ಬೀಜ ಆಯ್ದು ತಂದು, ಹಸಿರುಮನೆಯಲ್ಲಿ ಸಸಿ ಎಬ್ಬಿಸಿ, ನಾಟಿ ಮಾಡುವ ಹಾಗೆ ಒಂದೊಂದನ್ನೇ ಕೈಯಿಂದ ಊರಿದರು. ಕಳೆಯನ್ನೂ ಕೈಯಲ್ಲೇ ಕಿತ್ತರು. ಬೇಕೆಂದೇ ಬೆಂಕಿಯಿಟ್ಟರು, ಏಕೆಂದರೆ ಬೇರು ಆಳಕ್ಕೆ ಇರುವ ಈ ಗಿಡಗಳಿಗೆ ಬೆಂಕಿ ಹೊಸದಲ್ಲ, ಅದನ್ನು ತಾಳದವು ಹೊರಗಿನಿಂದ ಬಂದ ಕಳೆಗಳು, ಮರದ ಸಸಿಗಳು. ಈಗ ಅದು ಸುಮಾರು 100 ಎಕರೆ, ಆತನ ಹೆಸರಿನದೇ ಶುಲೆನ್‌ಬರ್ಗ್ ಪ್ರೇರಿ. ನಮ್ಮ ಕಡೆ ಗದ್ದೆ ನೆಟ್ಟ ಹೆಂಗಸರ ಬೆನ್ನು ನೋವು ಎಂಥದ್ದೆಂದು ಬಲ್ಲ ನನಗೆ, ಕಣ್ಣು ಹಾಯುವಷ್ಟೂ ಹರಡಿದ ಆ ಹುಲ್ಲನ್ನು ಮತ್ತೊಮ್ಮೆ ನೋಡಬೇಕೆನಿಸಿತು.

ಮೊಮ್ಮಗಳು ಚಿತ್ರ ಬರೆದು ಮುಗಿಸಿದ್ದಳು. ಕೆಳಗೆ ಒಂದು ಚೌಕ, ಅದು ದಂಟಿನ ಅಡ್ಡಕೊಯ್ತವಂತೆ. ಎರಡು ತುಟಿ. ಒಂದು ಕುಚ್ಚು. ವಾಸನೆ ಎಂಬಲ್ಲಿ ಕನ್ನಡದ ಅಕ್ಷರದಲ್ಲಿ, ಅಕ್ಕರೆಯಿಂದ ತಿದ್ದಿ ತಿದ್ದಿ, ದೊಡ್ಡಪತ್ರೆ ಎಂದು ಬರೆದಿದ್ದಳು. "ಇನ್ನೊಂದು ಗುರುತು ಉಳಿದಿದೆ" ಎಂದರು ಸ್ವಯಂಸೇವಕಿ, ಬಗಲ ಕಳೆಯನ್ನು ಸರಿಪಡಿಸಿಕೊಳ್ಳುತ್ತ. "ಆದರೆ ಅದಕ್ಕೆ ಸೆಪ್ಟೆಂಬರಿನಲ್ಲಿ ಬರಬೇಕು."

ಬಂದೆವು. ಶಾಲೆ ಶುರುವಾಗಿತ್ತು, ನಾನು ಊರಿಗೆ ಹೊರಡುವ ದಿನ ಹತ್ತಿರವಾಗಿತ್ತು. ಹುಲ್ಲು ನನ್ನ ತಲೆಯನ್ನೂ ಮೀರಿ, ತಾಮ್ರದ ಬಣ್ಣಕ್ಕೆ ತಿರುಗಿತ್ತು. ಅದರ ತೆನೆ ಕೋಳಿಯ ಪಾದದಂತೆ ಮೂರು ಕವಲು. ಹೂವಿನ ಮಂಜು ಎಲ್ಲೂ ಇರಲಿಲ್ಲ. ಬಹಳ ಹುಡುಕಿದ ಮೇಲೆ, ಬೂದಿರೋಗ ಬಂದು ಎಲೆ ಬೆಳ್ಳಗಾದ, ತುದಿಯಲ್ಲಿ ಕಂದು ಚೆಂಡು ಹೊತ್ತ ಒಂದು ಗಿಡ ಕಂಡಿತು. ಅದೇ ಹೌದೋ ಅಲ್ಲವೋ ಎಂದು ನಾನು ಅನುಮಾನಿಸುವುದರೊಳಗೆ ಮೊಮ್ಮಗಳು ದಂಟನ್ನು ಎರಡು ಬೆರಳಲ್ಲಿ ಹಿಡಿದು ಹೊರಳಿಸಿ ನೋಡಿಯಾಗಿತ್ತು.

ಚೆಂಡಿನಲ್ಲಿ ಹೂ ಉದುರಿದ ಬರಿಯ ಕೊಳವೆಗಳು ಜೇನುಗೂಡಿನ ಕಣ್ಣುಗಳ ಹಾಗೆ ಒತ್ತೊತ್ತಾಗಿ ನಿಂತಿದ್ದವು. ಅವಳು ಅಂಗೈ ಒಡ್ಡಿ ಚೆಂಡನ್ನು ಬಗ್ಗಿಸಿ ಮೆಲ್ಲಗೆ ತಟ್ಟಿದಳು. ಸಾಸಿವೆಗಿಂತ ಸಣ್ಣ ಕಂದು ಬೀಜಗಳು ಉದುರಿದವು. ಆಮೇಲೆ ಒಂದೇ ಕೊಳವೆಯನ್ನು ಉಗುರಿನಿಂದ ಬಿಡಿಸಿ ಎಣಿಸಿದಳು. ಒಂದರಲ್ಲಿ ಎರಡು. ಇನ್ನೊಂದರಲ್ಲಿ ಮೂರು. ಗಾಳಿಗೆ ಹಾರಿಹೋಗಿರಬೇಕು ಎಂದೆ. ಅವಳು ಒಪ್ಪಲಿಲ್ಲ, ಮೂರನೆಯದನ್ನು ಬಿಡಿಸಿದಳು. ಅದರ ತಳದಲ್ಲಿ, ಚೌಕ ದಂಟಿನ ನಾಲ್ಕು ಮೂಲೆಗೆ ಒಂದೊಂದರಂತೆ, ತುಳಸಿಯ ಒಣಗಿದ ಹೂವಿನ ಬಟ್ಟಲಲ್ಲಿ ಇರುವಂತೆಯೇ, ನಾಲ್ಕು ಬೀಜ ಕೂತಿದ್ದವು.

ಅಂಗೈಯನ್ನು ನನ್ನ ಮೂಗಿನ ಹತ್ತಿರ ತಂದಳು. ಒಣಗಿದ್ದರೂ ಘಾಟು ಹಾಗೆಯೇ ಇತ್ತು. ಆಮೇಲೆ ಕುಕ್ಕರಗಾಲಲ್ಲಿ ಕುಳಿತು, ಗಿಡದ ಬುಡದ ಮಣ್ಣನ್ನು ಬೆರಳಲ್ಲಿ ಸ್ವಲ್ಪ ಕೆದಕಿ, ಬೀಜಗಳನ್ನೆಲ್ಲ ಅಲ್ಲಿಗೇ ಸುರಿದಳು.